ಕುರುವಾಯಿ ಹೊಡೆದ ತೆಂಗು: ಮಂಡೆ ಮೊದಲು, ಕಾಂಡ ಆಮೇಲೆ

ತೆಂಗಿನ ಮರ ಸತ್ತದ್ದು ಗೊತ್ತಾಗುವಾಗ ಸಾಧಾರಣ ತಡವಾಗಿರುತ್ತದೆ. ಸುಳಿ ಬಾಡಿ, ನಡುವಿನ ಮಡಲುಗಳು ಹಳದಿಯಾಗಿ, ಮಂಡೆ (ಮರದ ತುದಿಯ ಸುಳಿ, ಮಡಲಿನ ಭಾಗ) ಒಂದು ಬದಿಗೆ ವಾಲುವ ಹೊತ್ತಿಗೆ ಒಳಗೆ ಹುಳದ ಒಂದು ತಲೆಮಾರು ಮುಗಿದು ಇನ್ನೊಂದು ಶುರುವಾಗಿರುತ್ತದೆ. ಆಗ ಬರುವ ಮೊದಲ ಯೋಚನೆ, ಕಾಂಡದಲ್ಲಿ ಮಾಡಿಗೆ ಹಾಕುವ ನಾಲ್ಕು ಪಕ್ಕಾಸು ಸಿಕ್ಕೀತೇ ಎಂದು. ಸಿಗುತ್ತದೆ. ಆದರೆ ಆ ನಾಲ್ಕು ಪಕ್ಕಾಸಿನ ಆಸೆಗೆ ಮಂಡೆಯನ್ನು ತೋಟದ ಮೂಲೆಯಲ್ಲಿ ಬಿಟ್ಟರೆ ಮುಂದಿನ ವರ್ಷ ಇನ್ನೂ ನಾಲ್ಕು ಮರ ಕಡಿಯಬೇಕಾದೀತು. ಅದಕ್ಕೇ ಕೆಲಸದ ಕ್ರಮ ಹೀಗೆ: ಮೊದಲು ಮಂಡೆ, ಆಮೇಲೆ ಕಾಂಡ, ಕೊನೆಗೆ ಬುಡ.

ಕೊಂದದ್ದು ಯಾರು?

ಕುರುವಾಯಿ (ಕೊಂಬಿರುವ ಕಪ್ಪು ದುಂಬಿ) ಒಂದೇ ದೊಡ್ಡ ಮರವನ್ನು ಕೊಲ್ಲುವುದು ಅಪರೂಪ. ಅದು ಸುಳಿ ಕೊರೆದು ರಸ ಕುಡಿದು ಹೋಗುತ್ತದೆ, ಮಡಲು ಬಿಚ್ಚಿದಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ವಿ ಆಕಾರದ ಗುರುತು ಕಾಣುತ್ತದೆ. ಆ ಗಾಯದ ವಾಸನೆಗೆ ಬರುವುದು ಕೆಂಪು ಮೂತಿ ಹುಳು. ಹೆಣ್ಣೊಂದು ಇನ್ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ, ಮರಿಗಳು ಒಳಗಿನ ಮೆದು ಭಾಗವನ್ನು ತಿಂದು ಮುಗಿಸುತ್ತವೆ. ಮೊಟ್ಟೆಯಿಂದ ದುಂಬಿಯಾಗಲು ಮೂರು ನಾಲ್ಕು ತಿಂಗಳು. ಕಾಂಡದ ತೂತಿನಿಂದ ಕಂದು ರಸ ಒಸರಿದರೆ, ಜಗಿದ ನಾರು ಹೊರಗೆ ಬಂದಿದ್ದರೆ, ಕಿವಿ ಇಟ್ಟಾಗ ಕರಕರ ಸದ್ದು ಕೇಳಿದರೆ ಅದೇ.

ಸುಳಿ ಕೊಳೆ ರೋಗದಿಂದ ಸತ್ತ ಮರವೂ ದೂರಕ್ಕೆ ಹೀಗೆಯೇ ಕಾಣುತ್ತದೆ. ಅದರಲ್ಲಿ ಸುಳಿ ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಕೆಟ್ಟ ನಾತ ಹೊಡೆಯುತ್ತದೆ, ಜಗಿದ ನಾರಾಗಲಿ ಗೂಡಾಗಲಿ ಇರುವುದಿಲ್ಲ. ಸಿಡಿಲು ಬಡಿದ ಮರ, ಸುಳಿ ಕೊಳೆತ ಮರ ಎರಡಕ್ಕೂ ಮೂತಿ ಹುಳು ಬೇಗ ಸೇರಿಕೊಳ್ಳುವುದರಿಂದ, ಕಾರಣ ಏನೇ ಇರಲಿ, ಮಂಡೆಯನ್ನು ಹುಳ ಇರುವ ಮಂಡೆಯೆಂದೇ ಲೆಕ್ಕ ಹಾಕಿ.

ಕಾಂಡಕ್ಕೆ ಬೆಲೆ ಇದೆಯೇ?

ಇದನ್ನು ಕಡಿಯುವ ಮೊದಲೇ ತೀರ್ಮಾನಿಸಬೇಕು. ಮೂತಿ ಹುಳುವಿಗೆ ಹೆಚ್ಚು ಬಲಿಯಾಗುವುದು 5ರಿಂದ 20 ವರ್ಷದೊಳಗಿನ ಮರಗಳು. ಅಂಥ ಎಳೆ ಮರದಲ್ಲಿ ಮರಮಟ್ಟು ಎಂದು ಕರೆಯುವಂಥದ್ದು ಏನೂ ಇಲ್ಲ, ಬುಡದ ಹತ್ತಿರವೇ ಹುಳ ಹೊಕ್ಕಿರುವುದೂ ಉಂಟು. ತುಂಡು ಮಾಡಿ ಸುಟ್ಟುಬಿಡಿ, ಮಿಲ್ಲಿಗೆ ಸಾಗಿಸುವ ಖರ್ಚೂ ಹುಟ್ಟುವುದಿಲ್ಲ. ಐವತ್ತು ಅರವತ್ತು ದಾಟಿದ ಮರದ ಕಥೆ ಬೇರೆ. ಅದರಲ್ಲಿ ಹುಳ ಹೊಕ್ಕುವುದು ಮಂಡೆಯ ಕಡೆಯಿಂದ. ಮೇಲಿನ ನಾಲ್ಕೈದು ಅಡಿ ಹಾಳಾದರೂ ಕೆಳಗಿನದು ಗಟ್ಟಿ ಇರುತ್ತದೆ.

ತೆಂಗಿಗೆ ಹಲಸು, ತೇಗದ ಹಾಗೆ ನಡುವೆ ಕೆಚ್ಚು ಇಲ್ಲ. ಲೆಕ್ಕ ತಿರುಗಾಮುರುಗಾ: ಹೊರಗಿನ ಸುತ್ತು ಗಟ್ಟಿ, ನಡು ಬೆಂಡು. ಬುಡ ಗಟ್ಟಿ, ಮೇಲೆ ಹೋದಂತೆ ಮೆದು. ಬುಡದ ಹೊರಸುತ್ತಿನ ಮರ ಒಣಗಿದ ಮೇಲೆ ಘನ ಮೀಟರಿಗೆ 600 ಕಿಲೋಗಿಂತ ಹೆಚ್ಚು ತೂಗಿದರೆ, ನಡುವಿನದು 400ಕ್ಕಿಂತ ಕೆಳಗೆ. ಎದೆಮಟ್ಟದಲ್ಲಿ ಸುತ್ತಳತೆ 3 ಅಡಿ ಇರುವ ಹಳೆ ಮರದಲ್ಲಿ ಬುಡದ ಕಡೆ ಗಟ್ಟಿ ಸುತ್ತು ಸುಮಾರು ಎರಡರಿಂದ ಎರಡೂವರೆ ಇಂಚು, ಅರ್ಧ ಎತ್ತರ ದಾಟಿದ ಮೇಲೆ ಒಂದು ಇಂಚೂ ಕಷ್ಟ. ಕೊಡಲಿಯ ಹಿಂಬದಿಯಿಂದ ಬಡಿದು ನೋಡಿ. ಟಣ್ ಎಂದರೆ ಸರಿ, ಬೊಳ್ ಎಂದರೆ ಒಳಗೆ ಹೊಂಡ ಬಿದ್ದಿದೆ. ಅನುಮಾನ ಇದ್ದಲ್ಲಿ ಮೂರಿಂಚಿನ ಮೊಳೆ ಹೊಡೆಯಿರಿ. ಎರಡೇ ಪೆಟ್ಟಿಗೆ ಪೂರಾ ಇಳಿದರೆ ಆ ಭಾಗ ಒಲೆಗೆ.

ಕೇರಳದಲ್ಲಿ ಖಾಸಗಿ ಜಾಗದ ಮರ ಕಡಿಯುವ ಬಗ್ಗೆ 2005ರ ಕಾಯ್ದೆ ಹೆಸರಿಸುವ ಮರಗಳಲ್ಲಿ ತೆಂಗು ಇಲ್ಲ, ಹಾಗಾಗಿ ಅರಣ್ಯ ಇಲಾಖೆಯ ಕಡೆಯಿಂದ ತೊಂದರೆ ಇಲ್ಲ. ಸತ್ತ ತೆಂಗು ತೆಗೆದು ಹೊಸತು ನೆಡಲು ಸಹಾಯಧನ ಇದೆಯೇ ಎಂದು ಕೃಷಿಭವನದಲ್ಲಿ (ಕೃಷಿ ಇಲಾಖೆಯ ಊರಿನ ಕಚೇರಿ) ಕೇಳುವುದಿದ್ದರೆ ಮರ ನಿಂತಿರುವಾಗಲೇ ಕೇಳಿ. ಬೂದಿ ತೋರಿಸಿ ಲೆಕ್ಕ ಒಪ್ಪಿಸಲಾಗುವುದಿಲ್ಲ.

ಕಡಿಯುವುದು

ಮಂಡೆ ಕೊಳೆತ ಮರಕ್ಕೆ ಹತ್ತುವುದೇ ಅಪಾಯ. ಹಗ್ಗ ಕಟ್ಟಲು ಹತ್ತಲೇಬೇಕಾದರೆ ಕೊಳೆತ ಜಾಗಕ್ಕಿಂತ ಕನಿಷ್ಠ ಆರು ಅಡಿ ಕೆಳಗೆ ನಿಲ್ಲಬೇಕು, ಹತ್ತುವವರಿಗೆ ಇದನ್ನು ಮೊದಲೇ ಹೇಳಿ. ಗಾಳಿ ಇರುವ ದಿನ ಬೇಡ. ಮಂಡೆ ತಾನಾಗಿಯೇ ಕಳಚಿ ಬೀಳುವುದುಂಟು, ಅಡಿಯಲ್ಲಿ ಯಾರೂ ಇರಬಾರದು. ವಿದ್ಯುತ್ ತಂತಿ ಹತ್ತಿರವಿದ್ದರೆ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿಗೆ ಹೇಳಿ ಕರೆಂಟು ತೆಗೆಸಿದ ಮೇಲೆಯೇ ಗರಗಸ ಮುಟ್ಟಿ.

ಬೀಳಬೇಕಾದ ಬದಿಗೆ ದಪ್ಪದ ನಾಲ್ಕನೇ ಒಂದು ಪಾಲು ಆಳಕ್ಕೆ ಬಾಯಿ ತೆಗೆಯಿರಿ. ಹಿಂದಿನ ಕೊಯ್ತ ಅದಕ್ಕಿಂತ ಎರಡು ಇಂಚು ಮೇಲೆ ಇರಲಿ, ನಡುವೆ ಒಂದೂವರೆ ಇಂಚು ಕಡಿಯದೆ ಬಿಡಿ. ಹಲಸಿನ ಮರ ಬೀಳುವ ಮೊದಲು ಕಿರುಗುಟ್ಟಿ ಎಚ್ಚರಿಸುತ್ತದೆ. ತೆಂಗಿನ ನಾರು ಹಾಗೆ ಬಾಗಿ ಹಿಡಿದುಕೊಳ್ಳುವುದಿಲ್ಲ, ಹೊರಸುತ್ತು ತುಂಡಾದ ಕೂಡಲೇ ಸದ್ದಿಲ್ಲದೆ ಹೊರಡುತ್ತದೆ. ಓಡುವ ದಾರಿ ಹಿಂದಕ್ಕೆ ಓರೆಯಾಗಿ, ಮೊದಲೇ ಸೊಪ್ಪು ಸವರಿ ತಯಾರಾಗಿರಲಿ. ಉಳಿದವರು ಮರದ ಎರಡು ಪಟ್ಟು ಎತ್ತರದಷ್ಟು ದೂರ ಇರಬೇಕು. ಮೆಷಿನ್ ಗರಗಸದ ಚೈನು ತೆಂಗಿನಲ್ಲಿ ಬೇಗ ಮೊಂಡಾಗುತ್ತದೆ, ಅರ ಜೊತೆಗಿರಲಿ.

ಬೀಳುವ ದಾರಿಯಲ್ಲಿ ಅಗಳು, ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಕಟ್ಟ ಇದ್ದರೆ ಕಾಂಡ ಅಲ್ಲೇ ಮುರಿಯುತ್ತದೆ, ಮುರಿದ ಜಾಗದ ಆಚೀಚೆ ಸೀಳು ಓಡುತ್ತದೆ. ಎರಡು ಹೊರೆ ಒಣ ಮಡಲು ಹಾಸಿ ಬೀಳಿಸಿ. ಹೆಚ್ಚಿನವರು ಮರೆಯುವ ಸಂಗತಿ ಇನ್ನೊಂದು: ಬೀಳುವಾಗ ಪಕ್ಕದ ಮರದ ಮಡಲು ಮುರಿದರೆ, ಎಳೆಯುವಾಗ ಕಾಂಡ ತರಚಿದರೆ ಆ ಹಸಿ ಗಾಯವೇ ಮೂತಿ ಹುಳುವಿಗೆ ಕರೆಯೋಲೆ. ಅದೇ ದಿನ ಗಾಯಕ್ಕೆ ಟಾರು ಬಳಿಯಿರಿ. ಮುರಿದ ಹಸಿ ಮಡಲನ್ನು ಬುಡಕ್ಕೆ ಸವರಿ ಕಡಿಯಬೇಡಿ, ಕೊತ್ತಳಿಗೆ (ಮಡಲಿನ ದಂಟು) ನಾಲ್ಕು ಅಡಿ ಉಳಿಯಲಿ. ಗಾಯದ ದಾರಿ ಹಿಡಿದ ಹುಳ ಕಾಂಡದವರೆಗೆ ತಲುಪದಿರಲು ಅಷ್ಟು ಉದ್ದ ಬೇಕು.

ಮಂಡೆ

ಬಿದ್ದ ದಿನವೇ ಇದನ್ನು ಮುಗಿಸಬೇಕು. ಹಾನಿ ಕಾಣುವ ಜಾಗದಿಂದ ಎರಡು ಅಡಿ ಕೆಳಗೆ ಅಡ್ಡ ಕೊಯ್ದು ಮಂಡೆ ಬೇರೆ ಮಾಡಿ. ಕೊಯ್ದ ಮುಖದಲ್ಲಿ ಇನ್ನೂ ತೂತು ಕಂಡರೆ ಅರ್ಧರ್ಧ ಅಡಿ ಇಳಿಯುತ್ತಾ ಹೋಗಿ, ಮುಖ ಪೂರಾ ಶುದ್ಧವಾಗುವವರೆಗೆ.

ಟಾರ್ಪಾಲಿನ ಮೇಲಿಟ್ಟು ಕೊಡಲಿಯಿಂದ ನಾಲ್ಕು ಸೀಳು ಮಾಡಿ. ಒಳಗೆ ಹುಳಿ ಹಿಡಿದ ಕಳ್ಳಿನ ವಾಸನೆ, ಒದ್ದೆ ನಾರಿನ ಮುದ್ದೆ, ಅದರಲ್ಲಿ ಕೆನೆಬಣ್ಣದ, ಕಂದು ತಲೆಯ, ಹೆಬ್ಬೆರಳು ಗಾತ್ರದ ಹುಳಗಳು. ಈ ಹುಳಕ್ಕೆ ಕಾಲಿಲ್ಲ. ಕಾಲಿದ್ದು, ಅರ್ಧಚಂದ್ರದ ಹಾಗೆ ಮುದುಡಿಕೊಳ್ಳುವುದು ಕುರುವಾಯಿಯ ಹುಳ, ಅದು ಸಿಗುವುದು ಗೊಬ್ಬರದ ಗುಂಡಿಯಲ್ಲಿ. ಗೂಡುಗಳನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ: ನಾರನ್ನೇ ಸುತ್ತಿ ಮಾಡಿದ ಎರಡಿಂಚಿನ ಉಂಡೆ, ಕೊತ್ತಳಿಗೆಯ ಸಂದಿಯಲ್ಲಿ ಕೂತಿದ್ದರೆ ನಾರೇ ಎಂದು ಕಣ್ಣು ಮೋಸ ಹೋಗುತ್ತದೆ. ಬಿಚ್ಚಿದರೆ ಒಳಗೆ ರೆಕ್ಕೆ ಬರುತ್ತಿರುವ ದುಂಬಿ. ಹುಳ, ಗೂಡು, ದುಂಬಿ ಎಲ್ಲವನ್ನೂ ಸಾಬೂನು ನೀರಿನ ಬಕೆಟ್ಟಿಗೆ ಹಾಕಿ. ಕೋಳಿಗಳಿದ್ದರೆ ಬಿಡಿ, ಅವು ನಿಮಗಿಂತ ಚೆನ್ನಾಗಿ ಹುಡುಕುತ್ತವೆ.

ಹಸಿ ಮಂಡೆ ಹಾಗೇ ಉರಿಯುವುದಿಲ್ಲ. ಹೊರಗೆ ಕರಿಯಾಗಿ ಒಳಗಿನ ಹುಳ ಜೀವಂತ ಉಳಿಯುವುದು ಹೀಗೆಯೇ. ಅಂಗೈ ಅಗಲಕ್ಕೆ ತುಂಡು ಮಾಡಿ, ಒಣ ಮಡಲು, ಸಿಪ್ಪೆ, ಗೆರಟೆ ಪದರ ಪದರವಾಗಿ ಸೇರಿಸಿ ಸುಡಿ. ಸುಡುಮಣ್ಣು ಮಾಡುವವರಿಗೆ ಇದು ಸುಲಭ: ಅಡಿಯಲ್ಲಿ ಒಣಗಿದ್ದು, ನಡುವೆ ಮಂಡೆಯ ತುಂಡು, ಮೇಲೆ ತರಗೆಲೆ, ಅದರ ಮೇಲೆ ಮಣ್ಣು. ಎರಡು ಮೂರು ದಿನ ನಿಧಾನ ಕಾದು ಎಲ್ಲ ಮುಗಿಯುತ್ತದೆ, ಗೊಬ್ಬರವೂ ಆಯಿತು. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಸುಡಲಾಗದಿದ್ದರೆ ಹುಳ ಆರಿಸಿ ಮುಳುಗಿಸಿ, ತುಂಡುಗಳನ್ನು ಕೊಟ್ಟಿಗೆಯ ಮಾಡಿನಡಿಯಲ್ಲಿ ತೆಳ್ಳಗೆ ಹರಡಿ ಒಣಗಿಸಿ ಸುಡಿ. ರಾಶಿ ಹಾಕಿ ಮುಚ್ಚಿಡುವುದು ಮಾತ್ರ ಬೇಡ.

ಕಾಂಡ ಸೀಳುವುದು

ಬೇಸಿಗೆಯಲ್ಲಿ ತಿಂಗಳೊಳಗೆ, ಮಳೆಗಾಲದಲ್ಲಿ ಎರಡು ವಾರದೊಳಗೆ ಸೀಳಿ. ಸಕ್ಕರೆ ಅಂಶ ತುಂಬಿದ ಮರ ಇದು, ಬೇಗ ಬೂಸಲು ಹಿಡಿದು ಕಪ್ಪಾಗುತ್ತದೆ. ಒಣಗಿದ ಮೇಲೆ ಸೀಳುವ ಯೋಚನೆ ಬೇಡ, ಗರಗಸ ಹಸಿಯಲ್ಲೇ ಸುಲಭವಾಗಿ ಓಡುತ್ತದೆ. ಬುಡದಿಂದ 10 ಅಡಿಯ ಎರಡು ತುಂಡು, ಮರ ಚೆನ್ನಾಗಿದ್ದರೆ ಮೂರನೆಯದು. ಅಲ್ಲಿಗೆ ನಿಲ್ಲಿಸಿ.

ಹಳೆ ಕ್ರಮದಲ್ಲಿ ಬೆಣೆ ಸಾಕು. ಕಬ್ಬಿಣದ ಬೆಣೆ ಮೂರು ನಾಲ್ಕು, ದೊಡ್ಡ ಸುತ್ತಿಗೆ ಒಂದು. ತುದಿಯ ಮುಖದಲ್ಲಿ ಗೆರೆ ಹಾಕಿ ಹೊಡೆದರೆ ನಾರಿನ ದಾರಿಯಲ್ಲೇ ಸೀಳು ಓಡುತ್ತದೆ. ಸುತ್ತಳತೆ 3 ಅಡಿ ಇರುವ ತುಂಡನ್ನು ಆರು ಸೀಳು ಮಾಡಿ, ಒಳಬದಿಯ ಬೆಂಡನ್ನು ಬಾಚಿಯಿಂದ ಕೆತ್ತಿ ತೆಗೆದರೆ ಆರು ಪಕ್ಕಾಸು. ನೇರ ಗೆರೆ ಬೇಕಾದರೆ ಮರದ ಮಿಲ್ಲು. ತೆಂಗು ಬ್ಲೇಡು ತಿನ್ನುತ್ತದೆಂದು ಕೆಲವರು ಒಪ್ಪುವುದಿಲ್ಲ, ಹಲ್ಲಿಗೆ ಟಂಗ್‌ಸ್ಟನ್ ಕಾರ್ಬೈಡ್ ತುದಿ ಇದ್ದಲ್ಲಿಗೆ ಒಯ್ಯಿರಿ. ಮಿಲ್ಲಿನಲ್ಲಿ ಸಾಮಾನ್ಯ ಮರದ ಹಾಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ಹಲಗೆ ಕೊಯ್ಸಿದರೆ ಪ್ರತಿ ಹಲಗೆಯ ನಡುವೆ ಬೆಂಡು ಬಂದು, ಒಣಗುವಾಗ ಅದು ಕುಸಿಯುತ್ತದೆ. ನಾಲ್ಕು ಬದಿಯಿಂದಲೂ ಎರಡೆರಡು ಇಂಚು ತೆಗೆಯಲು ಹೇಳಿ, ನಡುವೆ ಉಳಿಯುವ ಚೌಕವನ್ನು ಸೌದೆಗೆ ಬಿಡಿ. ಧೂಳು ಮೂಗು ಉರಿಸುತ್ತದೆ, ಸಿಬಿರು ಕೈಗೆ ಹೊಕ್ಕರೆ ತೆಗೆಯುವುದು ಕಷ್ಟ. ಬಟ್ಟೆ, ಕೈಗವಸು ಇರಲಿ.

ಸೀಳಿದ ದಿನವೇ ಬೋರಾಕ್ಸ್ ನೀರಿಗೆ ಹಾಕಿದರೆ ಒಳ್ಳೆಯದು. 100 ಲೀಟರ್ ನೀರಿಗೆ 3 ಕಿಲೋ ಬೋರಾಕ್ಸ್, 2 ಕಿಲೋ ಬೋರಿಕ್ ಆಸಿಡ್. ಮೊದಲು ಬಿಸಿನೀರಿನಲ್ಲಿ ಕರಗಿಸಿಕೊಳ್ಳಿ, ತಣ್ಣೀರಿಗೆ ಹಾಕಿದರೆ ಅಡಿಯಲ್ಲಿ ಕೂರುತ್ತದೆ. ಸಿಲ್ಪಾಲಿನ್ ಹಾಸಿದ ಹೊಂಡ ತೊಟ್ಟಿಯಾಗುತ್ತದೆ. ಕಲ್ಲು ಹೇರಿ ಮೂರು ನಾಲ್ಕು ದಿನ ಮುಳುಗಿಸಿಟ್ಟು, ತೆಗೆದು ಎರಡು ವಾರ ಪ್ಲಾಸ್ಟಿಕ್ ಮುಚ್ಚಿಡಿ, ಮದ್ದು ಒಳಗೆ ಇಳಿಯಲು ಮರ ಹಸಿ ಇರಬೇಕು. ದನಗಳು ಆ ನೀರು ಕುಡಿಯದಂತೆ ಬೇಲಿ ಹಾಕಿ. ಈ ಮದ್ದು ಮಳೆಗೆ ತೊಳೆದು ಹೋಗುವುದರಿಂದ ಮಾಡಿನೊಳಗಿನ ಮರಕ್ಕೆ ಮಾತ್ರ ಉಪಯೋಗ.

ಒಣಗಿಸುವುದು ನೆರಳಲ್ಲಿ, ನೆಲದಿಂದ ಒಂದೂವರೆ ಅಡಿ ಎತ್ತರ, ಒಂದೊಂದು ಸಾಲಿನ ನಡುವೆ ಎರಡು ಅಡಿಗೊಂದು ರೀಪು ತುಂಡು ಇಟ್ಟು, ಮೇಲೆ ಭಾರ ಹೇರಿ. ಒಂದಿಂಚಿನ ಹಲಗೆಗೆ ಬೇಸಿಗೆಯಲ್ಲಿ ಎರಡು ತಿಂಗಳು, ಎರಡಿಂಚಿನದಕ್ಕೆ ನಾಲ್ಕು. ಒಂದು ತುಂಡನ್ನು ವಾರಕ್ಕೊಮ್ಮೆ ತೂಗಿ, ಎರಡು ವಾರ ತೂಕ ಇಳಿಯದಿದ್ದರೆ ಒಣಗಿತು ಎಂದು ಲೆಕ್ಕ. ಒಣಗಿದ ಹೊರಸುತ್ತಿಗೆ ನೇರ ಮೊಳೆ ಹೊಡೆದರೆ ಒಂದೋ ಮೊಳೆ ಬಾಗುತ್ತದೆ, ಇಲ್ಲ ಮರ ಸೀಳುತ್ತದೆ. ಮೊಳೆಗಿಂತ ಸ್ವಲ್ಪ ಸಣ್ಣ ಬಿಟ್‌ನಿಂದ ತೂತು ಮಾಡಿಕೊಳ್ಳಿ.

ಸೀಳದೆ ಇಡೀ ಕಾಂಡವನ್ನು ತೋಡಿಗೆ ಸಂಕ (ಕಾಲುಸೇತುವೆ) ಹಾಕುವುದಿದ್ದರೆ ಎರಡೂ ತುದಿ ಮಣ್ಣಿಗೆ ತಾಗದಂತೆ ಮುರಕಲ್ಲಿನ ಮೇಲೆ ಕೂರಿಸಿ. ಮಣ್ಣು ತಾಗಿದ ತೆಂಗು ಎರಡು ಮೂರು ಮಳೆಗಾಲಕ್ಕೆ ಮುಗಿಯಿತು. ಹೊರಗೆ ಗಟ್ಟಿ ಕಂಡರೂ ತುದಿ ಒಳಗಿಂದ ಪೊಳ್ಳಾಗಿರುತ್ತದೆ, ಹಾಗಾಗಿ ಮೇ ತಿಂಗಳಲ್ಲಿ ಪ್ರತಿ ವರ್ಷ ಬಡಿದು ನೋಡಬೇಕು.

ಬುಡ, ಹುಡಿ, ಅಕ್ಕಪಕ್ಕದ ಮರ

ಕೊಳೆತ ಬುಡ, ಗರಗಸದ ಹುಡಿ, ಕೆತ್ತಿದ ಬೆಂಡು, ಇವೆಲ್ಲ ಕುರುವಾಯಿಗೆ ಹೆರಿಗೆ ಕೋಣೆ. ಹುಡಿಯನ್ನು ಹಟ್ಟಿಗೊಬ್ಬರದ ಗುಂಡಿಗೆ ಸುರಿಯಬೇಡಿ, ಸುಡುಮಣ್ಣಿಗೆ ಹಾಕಿ. ಈಗಾಗಲೇ ಸುರಿದಿದ್ದರೆ, ಮಲಯಾಳದಲ್ಲಿ ಪೆರುವಲಂ ಎನ್ನುವ, ಬೇಲಿಬದಿಯಲ್ಲಿ ತಾನಾಗಿ ಬೆಳೆಯುವ ಗಿಡವನ್ನು ಬೇರು ಸಮೇತ ಕಿತ್ತು, ಗೊಬ್ಬರದ ತೂಕದ ಹತ್ತನೇ ಒಂದು ಪಾಲಿನಷ್ಟು ಬೆರೆಸಿ. ಅದರಲ್ಲಿ ಹುಳ ಸರಿಯಾಗಿ ಬೆಳೆಯುವುದಿಲ್ಲ. ಹುಳಕ್ಕೆ ರೋಗ ಹಿಡಿಸುವ ಹಸಿರು ಶಿಲೀಂಧ್ರ ಮೆಟಾರೈಜಿಯಮ್‌ ಬಗ್ಗೆ ಕಾಸರಗೋಡಿನ ಕೂಡ್ಲಿನಲ್ಲಿರುವ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ ವಿಚಾರಿಸಬಹುದು. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಜಾಗ ಅದು.

ಬುಡವನ್ನು ಜೆಸಿಬಿ ಬಂದಾಗ ಕೀಳಿಸುವುದೇ ಸಲೀಸು. ಆಗದಿದ್ದರೆ ಸುತ್ತ ಮೂರು ಅಡಿ ಅಗೆದು ಬೇರು ಕಡಿದು ಮಗುಚಿ. ಅದೂ ಆಗದಿದ್ದರೆ ನೆಲಮಟ್ಟಕ್ಕೆ ಕೊಯ್ದು, ಮುಖವನ್ನು ಕೊಡಲಿಯಿಂದ ಚೂರು ಮಾಡಿ ಅದರ ಮೇಲೆಯೇ ಸುಡುಮಣ್ಣು ಕಾಯಿಸಿ.

ಉಳಿದ ಮರಗಳ ಮೇಲಿನ ಮೂರು ಮಡಲಿನ ಸಂದಿಗೆ 250 ಗ್ರಾಂ ಬೇವಿನ ಹಿಂಡಿಗೆ ಅಷ್ಟೇ ಮರಳು ಸೇರಿಸಿ ತುಂಬಿ. ಮರಳು ಕುರುವಾಯಿಯ ಕತ್ತಿನ ಸಂದಿಗೆ ಹೊಕ್ಕು ಕಿರಿಕಿರಿ ಮಾಡುತ್ತದೆ. ಮೂತಿ ಹುಳುವನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ (ಫೆರೊಮೋನ್ ಬಲೆ) ಇಡುವುದಾದರೆ ಎಳೆ ತೆಂಗಿನಿಂದ ದೂರ, ತೋಟದ ಹೊರಅಂಚಿಗೆ ಇಡಿ. ಬಲೆಗೆ ಬರುವ ದುಂಬಿಗಳೆಲ್ಲ ಬಲೆಗೇ ಬೀಳುವುದಿಲ್ಲ, ದಾರಿಯಲ್ಲಿ ಸಿಕ್ಕ ಮರಕ್ಕೂ ಇಳಿಯುತ್ತವೆ. ಕಡಿದ ಮರದ ಸುತ್ತಲಿನ ಮರಗಳಿಗೆ ಮುಂದಿನ ನಾಲ್ಕು ತಿಂಗಳು ಹದಿನೈದು ದಿನಕ್ಕೊಮ್ಮೆ ಕಿವಿ ಇಟ್ಟು ನೋಡಿ, ಬೆಳಗ್ಗೆ, ಗಾಳಿ ಏಳುವ ಮೊದಲು.

ಖಾಲಿ ಹೊಂಡಕ್ಕೆ ಹೊಸ ಸಸಿ ಇಡುವುದು ಆ ನಾಲ್ಕು ತಿಂಗಳು ಕಳೆದ ಮೇಲೆ. ನೆಲ ಮುರಕಲ್ಲಿನದಾದರೆ ಈಗಲೇ ಹೊಂಡಕ್ಕೆ 2 ಕಿಲೋ ಉಪ್ಪು ಹಾಕಿ ಆರು ತಿಂಗಳು ಬಿಡಿ, ಸಸಿ ಇಡುವಷ್ಟರಲ್ಲಿ ಕಲ್ಲು ಮೆದುವಾಗಿರುತ್ತದೆ.