ಮನೆಯ ಗ್ಯಾರೇಜಿನಲ್ಲಿ ಹಳೆಯ ಬೈಕನ್ನು ಬಿಚ್ಚಿ ಕಟ್ಟಿದ 14 ತಿಂಗಳು

ನನ್ನ ಕೈಗೆ ಬಂದಾಗ ಆ ಬೈಕಿಗೆ ಇಪ್ಪತ್ತು ವರ್ಷ ದಾಟಿತ್ತು. ಒಂದೇ ಸಿಲಿಂಡರಿನ, ಗಾಳಿಯಿಂದ ತಣಿಯುವ, ಪೆಟ್ರೋಲನ್ನು ಗಾಳಿಗೆ ಬೆರೆಸಿ ಕೊಡುವ ಕಾರ್ಬುರೇಟರ್ ಇರುವ 250 ಸಿಸಿ ಎಂಜಿನ್, ಎತ್ತರದ ಹ್ಯಾಂಡಲ್, ಇಬ್ಬರು ಕೂರುವ ಉದ್ದನೆಯ ಸೀಟು. ಅದನ್ನು ತಗ್ಗಿದ ಹ್ಯಾಂಡಲ್ ಮತ್ತು ಒಬ್ಬರಿಗೆ ಮಾತ್ರ ಸಾಲುವ ಚಿಕ್ಕ ಸೀಟಿನ ಕೆಫೆ ರೇಸರ್ ರೂಪಕ್ಕೆ ತರಬೇಕೆಂಬುದು ನನ್ನ ಆಸೆಯಾಗಿತ್ತು. ಕೆಲಸ ಮುಗಿಯಲು 14 ತಿಂಗಳು ಹಿಡಿಯಿತು. ರೂಪ ಬದಲಿಸುವುದಕ್ಕೆ ತಗುಲಿದ ಸಮಯ ಅದರಲ್ಲಿ ಮೂರನೇ ಒಂದು ಪಾಲು ಇರಬಹುದು. ಮಿಕ್ಕದ್ದೆಲ್ಲ, ಒಂದು ಭಾಗವನ್ನು ಬದಲಿಸಿದ್ದರಿಂದ ಅದರ ಅಕ್ಕಪಕ್ಕದ ಭಾಗಗಳಲ್ಲಿ ಹುಟ್ಟಿಕೊಂಡ ತೊಂದರೆಗಳನ್ನು ಹುಡುಕಿ ಸರಿಪಡಿಸುವುದರಲ್ಲಿ ಕಳೆಯಿತು.

ಏನನ್ನೂ ಬಿಚ್ಚುವ ಮೊದಲು ನಾನು ಬೈಕನ್ನು ಎರಡು ವಾರ ಇದ್ದ ಹಾಗೆಯೇ ಓಡಿಸಿದೆ. ಯಾವ ವೇಗದಲ್ಲಿ ನಡುಗುತ್ತದೆ, ಬ್ರೇಕ್ ಹಿಡಿದಾಗ ಯಾವ ಕಡೆಗೆ ಎಳೆಯುತ್ತದೆ, ಬಿಸಿಯಾದ ಮೇಲೆ ಐಡ್ಲಿಂಗ್ (ಆಕ್ಸಿಲರೇಟರ್ ತಿರುಗಿಸದಿರುವಾಗಿನ ಎಂಜಿನ್ ಓಟ) ಹೇಗಿರುತ್ತದೆ ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎಲ್ಲವನ್ನೂ ಬದಲಿಸಿದ ಮೇಲೆ ಕಾಣಿಸಿಕೊಳ್ಳುವ ದೋಷ ಹಳೆಯದೋ ನನ್ನ ಕೈಯಿಂದ ಆದದ್ದೋ ಎಂದು ತಿಳಿಯಲು ಬೇರೆ ದಾರಿಯಿಲ್ಲ. ಮುಂದೆ ಆ ನೋಟ್‌ಬುಕ್ಕು ಹಲವು ಸಲ ನನ್ನನ್ನು ಕಾಪಾಡಿತು.

ಗ್ಯಾರೇಜಿನ ಸಿದ್ಧತೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಳ್ಳೆಯ ಬೆಳಕು, ಗಟ್ಟಿಯಾದ ಸಮತಟ್ಟು ನೆಲ, ಬೈಕನ್ನು ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡ್ ಇದ್ದರೆ ಕೆಲಸ ಆರಂಭಿಸಬಹುದು. ಒಂದು ವಿಷಯದಲ್ಲಿ ಮಾತ್ರ ನಾನು ರಾಜಿ ಮಾಡಿಕೊಳ್ಳಲಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಅದು ಮೇಲೇರಿ ಹೋಗದೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ, ಮತ್ತು ಕೋಣೆಯ ಇನ್ನೊಂದು ಮೂಲೆಯಲ್ಲಿರುವ ಕಿಡಿಯೂ ಅದನ್ನು ಹೊತ್ತಿಸಬಲ್ಲದು. ಆದ್ದರಿಂದ ಟ್ಯಾಂಕ್ ಮತ್ತು ಕಾರ್ಬುರೇಟರ್ ಖಾಲಿ ಮಾಡುವ ಕೆಲಸವನ್ನು ಯಾವಾಗಲೂ ಹೊರಗೆ, ಬಯಲಿನಲ್ಲಿ ಮಾಡಿದೆ. ಎಂಜಿನ್ ಚಾಲೂ ಮಾಡಬೇಕಾದಾಗಲೂ ಬೈಕನ್ನು ಹೊರಗೆ ತಳ್ಳಿಕೊಂಡು ಹೋದೆ. ಎಂಜಿನ್ನಿನ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಬಿಚ್ಚುವ ಕೆಲಸದಲ್ಲಿ ನನ್ನನ್ನು ಮೊದಲು ತಡೆದದ್ದು ಸ್ಕ್ರೂಗಳು. ಜಪಾನಿ ವಿನ್ಯಾಸದ ಬೈಕುಗಳ ಪ್ಲಸ್ ಆಕಾರದ ಸ್ಕ್ರೂಗಳು ನೋಡಲು ಸಾಮಾನ್ಯ ಫಿಲಿಪ್ಸ್ ಸ್ಕ್ರೂಗಳಂತೆಯೇ ಇದ್ದರೂ ಅವುಗಳ ತೋಡು ಬೇರೆ. ಅವು ಜೆಐಎಸ್ ಎಂಬ ಜಪಾನಿನ ಕೈಗಾರಿಕಾ ಮಾನದಂಡದ ಅಳತೆಯವು, ಅನೇಕ ಸ್ಕ್ರೂಗಳ ತಲೆಯ ಮೇಲೆ ಒಂದು ಚಿಕ್ಕ ಚುಕ್ಕಿಯ ಗುರುತೂ ಇರುತ್ತದೆ. ಫಿಲಿಪ್ಸ್ ಸ್ಕ್ರೂಡ್ರೈವರ್ ಆ ತೋಡಿನಲ್ಲಿ ಪೂರ್ತಿ ಕೂರದೆ ಬಲ ಹಾಕಿದಾಗ ಮೇಲಕ್ಕೆ ಜಾರಿ ತಲೆಯನ್ನು ಸವೆಸಿಬಿಡುತ್ತದೆ. ಎರಡು ಸ್ಕ್ರೂಗಳ ತಲೆ ಹಾಳಾದ ಮೇಲೆ ನಾನು ಜೆಐಎಸ್ ಬಿಟ್‌ಗಳನ್ನು ತಂದೆ. ಜೊತೆಗೆ ಸುತ್ತಿಗೆಯ ಪೆಟ್ಟನ್ನೇ ತಿರುಗುವ ಬಲವಾಗಿಸುವ ಇಂಪ್ಯಾಕ್ಟ್ ಡ್ರೈವರನ್ನೂ ಬಳಸಿದೆ. ಮಿಕ್ಕ ಸ್ಕ್ರೂಗಳೆಲ್ಲ ಒಂದೆರಡು ಪೆಟ್ಟಿಗೆ ಸಡಿಲವಾದವು.

ಎಂಜಿನ್ ಕವರಿನ ಬೋಲ್ಟುಗಳು ಒಂದೇ ಉದ್ದದವಲ್ಲ. ಕವರಿನ ಆಕಾರವನ್ನು ರಟ್ಟಿನ ಮೇಲೆ ಬರೆದು, ಪ್ರತಿ ಬೋಲ್ಟನ್ನೂ ಅದರ ಜಾಗದಲ್ಲೇ ರಟ್ಟಿಗೆ ಚುಚ್ಚಿಟ್ಟೆ. ಉದ್ದದ ಬೋಲ್ಟನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಅದು ತಳ ಮುಟ್ಟಿ ಒಳಗಿನ ಲೋಹವನ್ನು ಸೀಳಬಹುದು. ಇಷ್ಟು ಎಚ್ಚರ ವಹಿಸಿಯೂ ಮರುಜೋಡಣೆಯ ವೇಳೆ ನಾನು ಒಂದು ತೂತಿನ ಥ್ರೆಡ್ (ಬೋಲ್ಟನ್ನು ಹಿಡಿಯುವ ತಿರುಪಿನ ಗೆರೆಗಳು) ಕಳೆದುಕೊಂಡೆ. 6 ಮಿಮೀ ಬೋಲ್ಟಿಗೆ ಅಲ್ಯೂಮಿನಿಯಂನಲ್ಲಿ ಸುಮಾರು 10 ನ್ಯೂಟನ್ ಮೀಟರ್ ಬಿಗಿತ ಸಾಕು. ಬಿಗಿತವನ್ನು ಅಳೆದು ಬಿಗಿಯುವ ಟಾರ್ಕ್ ರೆಂಚ್ ಪಕ್ಕದಲ್ಲೇ ಇದ್ದರೂ ಕೈ ಅಂದಾಜಿನ ಮೇಲೆ ಉದ್ದ ಹಿಡಿಕೆಯ ರ‍್ಯಾಚೆಟ್‌ನಿಂದ ಬಿಗಿದೆ, ಬೋಲ್ಟು ಬಿಗಿಯಾಗುತ್ತಾ ಬಂದು ಇದ್ದಕ್ಕಿದ್ದಂತೆ ಮೆತ್ತಗಾಯಿತು. ಕೈಗೆ ತಿಳಿಯುವ ಆ ಮೆತ್ತಗಿನ ಅನುಭವವನ್ನು ನಾನು ಇಂದಿಗೂ ಮರೆತಿಲ್ಲ. ತೂತನ್ನು 6.3 ಮಿಮೀಗೆ ಕೊರೆದು, ಅದಕ್ಕೆಂದೇ ಇರುವ ಟ್ಯಾಪಿನಿಂದ ಹೊಸ ಥ್ರೆಡ್ ಹೊಡೆದು, ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿಯನ್ನು ಕೂರಿಸಬೇಕಾಯಿತು. ಅಲ್ಯೂಮಿನಿಯಂ ಚೂರುಗಳನ್ನು ಅಯಸ್ಕಾಂತ ಹಿಡಿಯುವುದಿಲ್ಲವಾದ್ದರಿಂದ, ಅವು ಎಂಜಿನ್ನಿನೊಳಗೆ ಬೀಳದಂತೆ ಡ್ರಿಲ್ ಬಿಟ್‌ಗೆ ದಪ್ಪಗೆ ಗ್ರೀಸ್ ಹಚ್ಚಿ, ನಾಲ್ಕು ಸುತ್ತಿಗೊಮ್ಮೆ ಹೊರತೆಗೆದು ಒರೆಸುತ್ತಾ ಕೊರೆದೆ. ಹಾಗೆ ಕೂರಿಸಿದ ಉಕ್ಕಿನ ಥ್ರೆಡ್ ಮೂಲದ ಅಲ್ಯೂಮಿನಿಯಂಗಿಂತ ಗಟ್ಟಿಯಾಗಿಯೇ ಇದೆ.

ಎಂಜಿನ್ನಿನ ಒಳಗೆ ನಾನು ಹೆಚ್ಚು ಕೈ ಹಾಕಲಿಲ್ಲ, ವಾಲ್ವ್‌ಗಳನ್ನು ಒತ್ತಿ ತೆರೆಯುವ ಟ್ಯಾಪೆಟ್‌ನ ಅಂತರವನ್ನು ಮಾತ್ರ ಸರಿಪಡಿಸಿದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಪಿಸ್ಟನ್ ಕಂಪ್ರೆಶನ್ ಹಂತದ ತುದಿಯಲ್ಲಿದ್ದು ಎರಡೂ ವಾಲ್ವ್‌ಗಳು ಮುಚ್ಚಿರುವಾಗ, ತೆಳು ಲೋಹದ ಪಟ್ಟಿಗಳ ಫೀಲರ್ ಗೇಜಿನಿಂದ ಅಳೆದೆ. ಕೈಪಿಡಿಯ ಪ್ರಕಾರ ಎಕ್ಸಾಸ್ಟ್ ವಾಲ್ವಿನಲ್ಲಿ 0.10 ಮಿಮೀ ಅಂತರ ಇರಬೇಕಿತ್ತು, ಇದ್ದದ್ದು 0.04. ಟ್ಯಾಪೆಟ್ ಸದ್ದು ಮಾಡದಿದ್ದರೆ ಎಂಜಿನ್ ಚೆನ್ನಾಗಿದೆ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ವಾಸ್ತವದಲ್ಲಿ ವಾಲ್ವ್ ತನ್ನ ಸೀಟಿನೊಳಕ್ಕೆ (ಮುಚ್ಚಿದಾಗ ಅದು ಕೂರುವ ಲೋಹದ ಉಂಗುರದೊಳಕ್ಕೆ) ಸವೆದಷ್ಟೂ ಅಂತರ ಕಡಿಮೆಯಾಗಿ ಸದ್ದು ಅಡಗುತ್ತದೆ. ಅಂತರ ಇಲ್ಲವಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಬಿಸಿಯನ್ನು ಸೀಟಿಗೆ ದಾಟಿಸಲಾಗದೆ ಅದು ಸುಟ್ಟುಹೋಗುತ್ತದೆ. ಸ್ವಲ್ಪ ಟಕಟಕ ಎನ್ನುವ ಟ್ಯಾಪೆಟ್ಟಿಗಿಂತ ತೀರಾ ಮೌನವಾಗಿರುವುದೇ ಅಪಾಯಕಾರಿ.

ಇನ್ನು ರೂಪ ಬದಲಾವಣೆಯ ವಿಷಯ. ಹ್ಯಾಂಡಲ್ ಬದಲಿಸುವುದು ಅರ್ಧ ದಿನದ ಕೆಲಸವೆಂದು ನಾನು ಲೆಕ್ಕ ಹಾಕಿದ್ದೆ. ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕ್ ಕೊಳವೆಗಳಿಗೇ ಬಿಗಿಯುವ ಎರಡು ತುಂಡಿನ ಕ್ಲಿಪ್-ಆನ್ ಹ್ಯಾಂಡಲ್‌ಗಳನ್ನು ಹಾಕಿದ ಕೂಡಲೇ ಮೂಲದ ಕೇಬಲ್‌ಗಳೆಲ್ಲ ಉದ್ದವಾಗಿ, ಬಿಗಿಯಾದ ತಿರುವುಗಳಲ್ಲಿ ಮಡಚಿಕೊಂಡು ಕ್ಲಚ್ ಭಾರವಾಯಿತು. ಹ್ಯಾಂಡಲನ್ನು ಪೂರ್ತಿ ತಿರುಗಿಸಿದರೆ ಹೆಬ್ಬೆರಳು ಟ್ಯಾಂಕಿಗೂ ಹಿಡಿಕೆಗೂ ನಡುವೆ ಸಿಕ್ಕಿಬೀಳುತ್ತಿತ್ತು. ಆದ್ದರಿಂದ ಫ್ರೇಮಿನ ಕತ್ತಿನಲ್ಲಿರುವ ತಡೆಗೆ ಲೋಹ ಸೇರಿಸಿ ತಿರುಗುವಿಕೆಯನ್ನು ಕಡಿಮೆ ಮಾಡಿಸಿದೆ. ಹ್ಯಾಂಡಲ್ ತಗ್ಗಿ ಕಾಲಿನ ಪೆಡಲ್‌ಗಳು ಮುಂದೆಯೇ ಉಳಿದದ್ದರಿಂದ ದೇಹದ ಭಾರವೆಲ್ಲ ಮಣಿಕಟ್ಟಿನ ಮೇಲೆ ಬಿದ್ದು ಇಪ್ಪತ್ತು ನಿಮಿಷಕ್ಕೇ ಕೈ ಮರಗಟ್ಟುತ್ತಿತ್ತು, ಹೀಗಾಗಿ ಪೆಡಲ್‌ಗಳನ್ನು ಹಿಂದಕ್ಕೆ ಸರಿಸಲೇಬೇಕಾಯಿತು. ಪೆಡಲ್ ಹಿಂದೆ ಹೋದರೆ ಗೇರ್ ಲಿವರಿಗೆ ಉದ್ದನೆಯ ಸರಳು ಬೇಕು. ಆ ಸರಳು ಹಿಡಿಯುವ ತೋಳನ್ನು ಗೇರ್ ಶಾಫ್ಟಿನ ಮೇಲೆ ತಲೆಕೆಳಗಾಗಿ ಕೂರಿಸಿದ್ದರಿಂದ ಗೇರ್ ಕ್ರಮವೇ ತಿರುಗಿ, ಮೇಲಿನ ಗೇರಿಗೆ ಲಿವರನ್ನು ಕೆಳಗೆ ಒತ್ತಬೇಕಾಗಿ ಬಂತು. ಅರ್ಧ ದಿನದ ಕೆಲಸ ಏಳು ವಾರ ಹಿಡಿಯಿತು.

ಆಗ ಕಲಿತ ಒಂದು ಪರೀಕ್ಷೆಯನ್ನು ಈಗ ಯಾರ ಬೈಕಿನ ಹ್ಯಾಂಡಲ್ ಮುಟ್ಟಿದರೂ ಮಾಡುತ್ತೇನೆ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಹ್ಯಾಂಡಲನ್ನು ಎಡ ತುದಿಯಿಂದ ಬಲ ತುದಿಯವರೆಗೆ ನಿಧಾನವಾಗಿ ತಿರುಗಿಸಬೇಕು. ಎಲ್ಲಾದರೂ ಎಂಜಿನ್ನಿನ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆದುಕೊಳ್ಳುತ್ತಿದೆ ಎಂದೇ ಅರ್ಥ, ಅಂಥ ಬೈಕನ್ನು ರಸ್ತೆಗೆ ಇಳಿಸಬಾರದು.

ಸೀಟಿಗಾಗಿ ಫ್ರೇಮಿನ ಹಿಂಭಾಗವನ್ನು 120 ಮಿಮೀ ಕತ್ತರಿಸುವ ಮೊದಲು ಹಿಂದಿನ ಶಾಕ್ ಅಬ್ಸಾರ್ಬರ್‌ಗಳನ್ನು ಬಿಚ್ಚಿ, ಚಕ್ರವನ್ನು ಅವು ಪೂರ್ತಿ ಕುಗ್ಗಿದಾಗ ತಲುಪುವ ಎತ್ತರಕ್ಕೆ ಏರಿಸಿ ನೋಡಿದೆ. ನಾನು ಬರೆದುಕೊಂಡಿದ್ದ ಚಿತ್ರದ ಪ್ರಕಾರ ಟೈರಿಗೂ ಸೀಟಿನ ತಳಕ್ಕೂ ಉಳಿಯುತ್ತಿದ್ದದ್ದು 9 ಮಿಮೀ. ನಿಂತ ಬೈಕನ್ನು ಮಾತ್ರ ನೋಡಿ ಕಟ್ಟಿದ್ದರೆ ದೊಡ್ಡ ಗುಂಡಿಯಲ್ಲಿ ಟೈರು ಸೀಟಿಗೆ ಉಜ್ಜುವ ಅಪಾಯವಿತ್ತು. ಸೀಟಿನ ತಳವನ್ನು ಎತ್ತರಿಸಿ 25 ಮಿಮೀ ಅಂತರ ಮಾಡಿಕೊಂಡೆ. ಬೆಸುಗೆಯನ್ನು ನಾನು ಮಾಡಲಿಲ್ಲ. ಕೊಳವೆಗಳನ್ನು ಕತ್ತರಿಸಿ, ಒಳಗೆ ಬಿಗಿಯಾಗಿ ಕೂರುವ ತುಂಡು ಹಾಕಿ ಹೊಂದಿಸಿಟ್ಟು, ಅನುಭವಿ ವೆಲ್ಡರಿಗೆ ಒಪ್ಪಿಸಿದೆ. ನನ್ನ ಭಾರ ಹೊರುವ ಜಾಗದಲ್ಲಿ ಕಲಿಯುವವನ ಬೆಸುಗೆ ಇರಬಾರದು ಎಂಬ ವಿಷಯದಲ್ಲಿ ನನಗೆ ಅನುಮಾನವಿರಲಿಲ್ಲ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿಯನ್ನೂ ಇಗ್ನಿಷನ್ ಯೂನಿಟ್ಟನ್ನೂ ಕಳಚಿಟ್ಟೆ.

ನನ್ನ ದೊಡ್ಡ ತಪ್ಪು ಏರ್ ಫಿಲ್ಟರ್ ಪೆಟ್ಟಿಗೆಯದು. ಈ ಶೈಲಿಯ ಬೈಕುಗಳಲ್ಲಿ ಸೀಟಿನ ಕೆಳಗಿನ ತ್ರಿಕೋನ ಖಾಲಿಯಾಗಿ, ಆಚೆಯ ದೃಶ್ಯ ಕಾಣುವಂತಿದ್ದರೆ ಬಹಳ ಚೆಂದ. ಅದಕ್ಕಾಗಿ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಕಿತ್ತು, ಕಾರ್ಬುರೇಟರಿನ ಬಾಯಿಗೇ ಶಂಕುವಿನಾಕಾರದ ಫಿಲ್ಟರ್ ಸಿಕ್ಕಿಸಿದೆ. ಎಂಜಿನ್ ಸುಲಭವಾಗಿ ಚಾಲೂ ಆಯಿತು, ಆದರೆ ಆಕ್ಸಿಲರೇಟರ್ ಅರ್ಧ ತಿರುಗಿಸಿದಾಗ ಮುಗ್ಗರಿಸಿ ಉಸಿರು ಕಟ್ಟಿದಂತೆ ನಿಲ್ಲುತ್ತಿತ್ತು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡುಗಳಿಗೆ ಜೆಟ್ ಎನ್ನುತ್ತಾರೆ. ಆಕ್ಸಿಲರೇಟರಿನ ಮೊದಲ ಕಾಲು ಭಾಗದ ತಿರುವನ್ನು ಪೈಲಟ್ ಜೆಟ್, ನಡುವಿನದನ್ನು ಸೂಜಿ, ಕೊನೆಯ ಕಾಲು ಭಾಗವನ್ನು ಮೇನ್ ಜೆಟ್ ಹೆಚ್ಚಾಗಿ ನಿಯಂತ್ರಿಸುತ್ತವೆ. ಮೇನ್ ಜೆಟ್ಟಿನ ತೂತಿನ ಅಳತೆಯನ್ನು 110ರಿಂದ 118ಕ್ಕೆ, ಅಲ್ಲಿಂದ 125ಕ್ಕೆ ಏರಿಸಿದೆ. ಪೂರ್ತಿ ತೆರೆದಾಗಿನ ಓಟ ಸರಿಹೋಯಿತು, ನಡುವಿನ ಮುಗ್ಗರಿಕೆ ಹೋಗಲಿಲ್ಲ. ಸೂಜಿಯ ಕೆಳಗೆ ತೆಳುವಾದ ವಾಷರ್ ಇಟ್ಟು ಅದನ್ನು ಎತ್ತರಿಸಿದೆ, ಅಲ್ಪಸ್ವಲ್ಪ ಸುಧಾರಿಸಿತಷ್ಟೇ. ಮೂರು ವಾರದ ನಂತರ ಕಾರಣ ಅರ್ಥವಾಯಿತು. ನನ್ನದು ಕಾನ್‌ಸ್ಟಂಟ್ ವೆಲಾಸಿಟಿ ಮಾದರಿಯ ಕಾರ್ಬುರೇಟರ್. ಗಾಳಿಯ ದಾರಿಯನ್ನು ತೆರೆಯುವ ಅದರ ಸ್ಲೈಡನ್ನು (ಸೂಜಿಯನ್ನು ಹೊತ್ತ ಜಾರುವ ಭಾಗವನ್ನು) ಎತ್ತುವುದು ಕೇಬಲ್ ಅಲ್ಲ, ಒಳಗಿನ ನಿರ್ವಾತ. ಒಂದು ರಬ್ಬರ್ ಪೊರೆಯ ಮೇಲೂ ಕೆಳಗೂ ಇರುವ ಗಾಳಿಯ ಒತ್ತಡದ ವ್ಯತ್ಯಾಸದಿಂದ ಅದು ಏರುತ್ತದೆ. ಪೊರೆಯ ಕೆಳಗಿನ ಭಾಗಕ್ಕೆ ಗಾಳಿ ಬರುವ ಕಿಂಡಿ ಕಾರ್ಬುರೇಟರಿನ ಬಾಯಿಯಲ್ಲೇ ಇದೆ. ದೊಡ್ಡ ಪೆಟ್ಟಿಗೆಯೊಳಗಿನ ಗಾಳಿ ಶಾಂತವಾಗಿರುತ್ತಿದ್ದರಿಂದ ಆ ಒತ್ತಡ ಸ್ಥಿರವಾಗಿರುತ್ತಿತ್ತು. ಚಿಕ್ಕ ಫಿಲ್ಟರಿನ ಸುಳಿಗಾಳಿಯಲ್ಲಿ ಸ್ಲೈಡು ಒಂದೆಡೆ ನಿಲ್ಲುತ್ತಿರಲಿಲ್ಲ. ಪೆಟ್ಟಿಗೆಯನ್ನು ಮರಳಿ ಹಾಕಿ, 110ರ ಜೆಟ್ಟನ್ನೂ ಸೂಜಿಯನ್ನೂ ಮೂಲ ಸ್ಥಿತಿಗೆ ತಂದೆ. ಮುಗ್ಗರಿಕೆ ಅಂದೇ ಹೋಯಿತು. ಕೇಬಲ್ಲಿನಿಂದ ಸ್ಲೈಡ್ ಎತ್ತುವ ಬೇರೆ ಕಾರ್ಬುರೇಟರ್ ಹಾಕಿದ್ದರೆ ಬಹುಶಃ ತ್ರಿಕೋನವನ್ನು ಖಾಲಿ ಇಡಬಹುದಿತ್ತು. ನನಗೆ ಆ ಚೆಲುವಿಗಿಂತ ಚೆನ್ನಾಗಿ ಓಡುವ ಎಂಜಿನ್ ಹೆಚ್ಚು ಪ್ರಿಯವಾಗಿತ್ತು.

ವೈರಿಂಗ್ ವಿಷಯದಲ್ಲಿ ನೋಟ್‌ಬುಕ್ಕು ನೆರವಾಯಿತು. ಹಳೆಯ ಹೆಡ್‌ಲೈಟ್ ಮಂಕಾಗಿದೆ ಎಂದು ಅದರಲ್ಲಿ ಬರೆದಿದ್ದೆ. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರಿನಿಂದ ಅಳೆದರೆ ಬ್ಯಾಟರಿಯಲ್ಲಿ 14.1 ವೋಲ್ಟ್, ಬಲ್ಬಿನ ಹತ್ತಿರ 12.5. ತಂತುವಿನ ಬಲ್ಬಿನಲ್ಲಿ ವೋಲ್ಟೇಜ್ ಹತ್ತರಲ್ಲಿ ಒಂದು ಭಾಗ ಇಳಿದರೆ ಬೆಳಕು ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ದೂರದ ಸ್ವಿಚ್ಚುಗಳನ್ನು ಸುತ್ತಿ ಬರುತ್ತಿದ್ದ ವಿದ್ಯುತ್ತನ್ನು ರಿಲೇ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್) ಮೂಲಕ ನೇರವಾಗಿ ಬಲ್ಬಿಗೆ ಕೊಟ್ಟ ಮೇಲೆ ವ್ಯತ್ಯಾಸ 0.3 ವೋಲ್ಟಿಗೆ ಇಳಿಯಿತು. ತಂತಿಗಳ ಜೋಡಣೆಗಳನ್ನೆಲ್ಲ ಸೀಸದ ಬೆಸುಗೆಯ ಬದಲು ಕ್ರಿಂಪ್ ಮಾಡಿದೆ (ಲೋಹದ ತುದಿಯನ್ನು ತಂತಿಯ ಮೇಲೆ ಅದುಮಿ ಬಿಗಿದೆ), ಏಕೆಂದರೆ ಬೆಸುಗೆಯ ಸೀಸ ಎಳೆಗಳೊಳಗೆ ಹರಿದು ತಂತಿ ಗಡುಸಾಗಿ, ಎಂಜಿನ್ನಿನ ನಡುಕಕ್ಕೆ ಆ ಗಡುಸು ಮುಗಿಯುವ ಜಾಗದಲ್ಲೇ ಕಡಿಯುತ್ತದೆ. ಎಲ್‌ಇಡಿ ಇಂಡಿಕೇಟರ್‌ಗಳು ವಿಪರೀತ ವೇಗವಾಗಿ ಮಿಣುಕಿದವು. ಅವುಗಳನ್ನು ಮಿಣುಕಿಸುವ ಹಳೆಯ ಫ್ಲ್ಯಾಶರ್ ಬಲ್ಬಿನ ಹೊರೆಗೆ ಹೊಂದಿಸಿದ್ದಾದ್ದರಿಂದ ಎಲೆಕ್ಟ್ರಾನಿಕ್ ಫ್ಲ್ಯಾಶರ್ ಹಾಕಬೇಕಾಯಿತು. ಇಷ್ಟೆಲ್ಲ ಆದರೂ ಮೊದಲ ದಿನ ಯಾವ ದೀಪವೂ ಸರಿಯಾಗಿ ಉರಿಯಲಿಲ್ಲ. ಫ್ರೇಮಿಗೆ ಹೊಸದಾಗಿ ಮಾಡಿಸಿದ್ದ ಪೌಡರ್ ಕೋಟಿಂಗ್ ವಿದ್ಯುತ್ತನ್ನು ಹರಿಯಬಿಡುವುದಿಲ್ಲ, ನಾನು ಅರ್ಥಿಂಗ್ ತಂತಿಯನ್ನು ಅದರ ಮೇಲೆಯೇ ಬಿಗಿದಿದ್ದೆ. ಆ ಜಾಗವನ್ನು ಹೊಳೆಯುವ ಲೋಹದವರೆಗೆ ಕೆರೆದು ಬಿಗಿದ ಮೇಲೆ ಎಲ್ಲವೂ ಉರಿದವು.

ಬಣ್ಣದ ಬಗ್ಗೆ ಎರಡೇ ಮಾತು. ಗಟ್ಟಿಕಾರಕ ಬೆರೆಸುವ ಎರಡು ಘಟಕದ ಕ್ಲಿಯರ್ ಕೋಟ್‌ನಲ್ಲಿ ಐಸೋಸಯನೇಟ್ ಇರುತ್ತದೆ, ಅದು ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲದು. ಟ್ಯಾಂಕನ್ನು ಉಜ್ಜಿ ಪ್ರೈಮರ್ ಹಚ್ಚುವವರೆಗೆ ನಾನು ಮಾಡಿ, ಕೊನೆಯ ಲೇಪವನ್ನು ಶುದ್ಧ ಗಾಳಿಯ ವ್ಯವಸ್ಥೆಯಿದ್ದ ಪೇಂಟರಿಗೆ ಬಿಟ್ಟೆ. ಮತ್ತು ಬ್ರೇಕ್ ದ್ರವ ತುಂಬುವ ಮೊದಲು ಟ್ಯಾಂಕನ್ನು ಬಿಚ್ಚಿ ದೂರವಿಡಬೇಕು. ಡಾಟ್ 4 ದ್ರವದ ನಾಲ್ಕು ಹನಿ ಹೊಸ ಬಣ್ಣದ ಮೇಲೆ ಬಿದ್ದವು. ತಕ್ಷಣ ನೀರು ಸುರಿದರೂ ಒಂದು ಮಂಕು ಕಲೆ ಉಳಿದಿದೆ.

ಮೊದಲ 100 ಕಿಮೀ ಓಡಿಸಿದ ಮೇಲೆ ಪ್ರತಿ ಬೋಲ್ಟನ್ನೂ ಮತ್ತೆ ಟಾರ್ಕ್ ರೆಂಚಿನಿಂದ ಪರೀಕ್ಷಿಸಿದೆ. ಸೈಲೆನ್ಸರಿನ ಬೋಲ್ಟು ಮತ್ತು ಹಿಂದಿನ ಸ್ಪ್ರಾಕೆಟ್ಟಿನ ಒಂದು ನಟ್ ಸಡಿಲವಾಗಿದ್ದವು. ಚೈನು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇದ್ದದ್ದರಿಂದ ಚಕ್ರವನ್ನು ತಿರುಗಿಸುತ್ತಾ ಅತಿ ಬಿಗಿಯಾದ ಜಾಗವನ್ನು ಗುರುತಿಸಿ, ಅಲ್ಲಿ ಕೈಪಿಡಿ ಹೇಳಿದಷ್ಟು ಸಡಿಲ ಬಿಟ್ಟೆ. ಕೊನೆಗೆ ಹೆಡ್‌ಲೈಟಿನ ಹಿಂದೆ ಟಾರ್ಚ್ ಹಿಡಿದು ನೋಡಿದಾಗ, ಕ್ಲಚ್ ಕೇಬಲ್ ಹ್ಯಾಂಡಲಿನೊಂದಿಗೆ ಅತ್ತಿತ್ತ ಸರಿಯುತ್ತಾ ವೈರಿಂಗ್ ಕಟ್ಟಿನ ಹೊದಿಕೆಯನ್ನು ಉಜ್ಜಿ ಹೊಳಪೇರಿಸಿರುವುದು ಕಂಡಿತು. ಅದೇ ಜಾಗದಲ್ಲಿ ಮೊದಲು ಕೇಬಲನ್ನು ಹಿಡಿದಿಡುವ ಒಂದು ಸಣ್ಣ ತಂತಿಯ ಬಳೆಯಿತ್ತು, ಅಂದಗೆಡಿಸುತ್ತದೆಂದು ಅದನ್ನು ನಾನೇ ಬಿಚ್ಚಿದ್ದೆ. ರಟ್ಟಿನ ಪೆಟ್ಟಿಗೆಯಲ್ಲಿ ಹುಡುಕಿ ತೆಗೆದು, ಕಪ್ಪು ಬಣ್ಣ ಹಚ್ಚಿ, ಅದರ ಹಳೆಯ ಬೋಲ್ಟಿನಿಂದಲೇ ಮರಳಿ ಬಿಗಿದೆ.