ಪದೇ ಪದೇ ಮರಳುವ ಇಂಜಿನ್ ದೋಷ: ಇನ್ನೊಂದು ಭಾಗ ಬದಲಿಸುವ ಮುನ್ನ

ಚೆಕ್ ಇಂಜಿನ್ ದೀಪ ಆರಿದ ವಾರದಲ್ಲೇ ಮತ್ತೆ ಉರಿದು, ಪ್ಲಗ್, ಅದಕ್ಕೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್, ಸೆನ್ಸರ್ ಎಂದು ಒಂದೊಂದೇ ಭಾಗ ಬದಲಾಗುತ್ತ ಹೋದರೂ ಪೆಟ್ರೋಲ್ ಕಾರು ಜರ್ಕ್ ಹೊಡೆಯುವುದು ತಪ್ಪದಿದ್ದರೆ, ಊಹೆಯ ಮೇಲೆ ಭಾಗ ಬದಲಿಸುವುದನ್ನು ಮೊದಲು ನಿಲ್ಲಿಸಬೇಕು. ದೀಪ ಮಿಟುಕುತ್ತಿದ್ದರೆ ಮಾತ್ರ ಕಾರನ್ನೇ ನಿಲ್ಲಿಸುವುದು ಒಳ್ಳೆಯದು. ಮಿಸ್‌ಫೈರ್‌ನಿಂದ, ಅಂದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳದೆ, ಉರಿಯದೆ ಉಳಿದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನು ಹಾಳುಮಾಡುತ್ತದೆ.

ದೋಷ ಯಾವಾಗ ಕಾಣುತ್ತದೆ ಎಂಬುದನ್ನು ಬರೆದಿಡಿ: ಇಂಜಿನ್ ತಣ್ಣಗಿದ್ದಾಗಲೋ, ಕಾದ ಮೇಲೋ, ಎಸಿ ಹಾಕಿದಾಗಲೋ, ಮಳೆ ಬಂದ ಮರುದಿನವೋ. ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಮಾತ್ರ ಕೈಕೊಡುವ ಕಾಯಿಲ್ ಅಥವಾ ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್, ಬೆಳಗಿನ ತಂಪಿನಲ್ಲಿ ಗ್ಯಾರೇಜಿಗೆ ಹೋದಾಗ ಸರಿಯಾಗಿಯೇ ಕೆಲಸ ಮಾಡುತ್ತದೆ. ಆದ್ದರಿಂದ ದೋಷ ಕಾಣುವ ಹೊತ್ತಿಗೇ ಮೆಕ್ಯಾನಿಕ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ತೋರಿಸಬೇಕು.

ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ತೋರಿಸುವ ದೋಷದ ಕೋಡನ್ನು, ಅದು ದಾಖಲಾದ ಕ್ಷಣದ ವೇಗ ಮತ್ತು ತಾಪಮಾನದ ಮಾಹಿತಿಯೊಂದಿಗೆ, ಅಳಿಸುವ ಮೊದಲೇ ಫೋಟೊ ತೆಗೆದುಕೊಳ್ಳಿ. ಕೋಡ್ ಲಕ್ಷಣವನ್ನು ಹೇಳುತ್ತದೆಯೇ ಹೊರತು ಕೆಟ್ಟ ಭಾಗವನ್ನಲ್ಲ. ಪಿ0171 ಎಂದರೆ ಮಿಶ್ರಣದಲ್ಲಿ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಎಂದಷ್ಟೇ ಅರ್ಥ. ಅದನ್ನು ಕಂಡೊಡನೆ, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸುವವರು ಬಹಳ, ಆದರೆ ಆ ಸೆನ್ಸರ್ ಇದ್ದುದನ್ನು ಇದ್ದ ಹಾಗೆ ವರದಿ ಮಾಡುತ್ತಿರಬಹುದು. ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ, ನೋಡಲು ಹೇಳಿ: ಐಡಲ್‌ನಲ್ಲಿ, ಅಂದರೆ ಕಾರು ನಿಂತು ಇಂಜಿನ್ ಓಡುತ್ತಿರುವಾಗ, ಹೆಚ್ಚಿದ್ದು ಆರ್‌ಪಿಎಂ ಏರಿದಂತೆ ಇಳಿದರೆ ಎಲ್ಲಿಂದಲೋ ಹೊರಗಾಳಿ ನುಗ್ಗುತ್ತಿದೆ ಎಂದು ಶಂಕಿಸಬೇಕು, ಲೋಡ್ ಬಿದ್ದಾಗ ಹೆಚ್ಚಿದರೆ ಕಾರಿನೊಳಗಿನ ಫ್ಯೂಯಲ್ ಪಂಪಿನ ಒತ್ತಡ ಅಳೆಯಬೇಕು. ಹೊರಗಾಳಿ ನುಗ್ಗುವ ಬಿರುಕನ್ನು ಹುಡುಕಲು ಹೊಗೆ ಹಾಯಿಸುವ ಪರೀಕ್ಷೆ ಇದೆ.

ಒಂದೇ ಸಿಲಿಂಡರ್ ಮಿಸ್ ಆಗುತ್ತಿದ್ದರೆ ಪರೀಕ್ಷೆಗೆ ಖರ್ಚೇ ಇಲ್ಲ. ಒಂದನೆಯ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೆ ಹಾಕಿದಾಗ, ಒಂದನೆಯದರ ಮಿಸ್ ಸೂಚಿಸುವ ಪಿ0301 ಹೋಗಿ ಎರಡನೆಯದರ ಪಿ0302 ಬಂದರೆ ಕಾಯಿಲೇ ಕೆಟ್ಟಿದೆ. ಕೋಡ್ ಕದಲದಿದ್ದರೆ ಪ್ಲಗ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಸಿಲಿಂಡರಿನೊಳಗಿನ ಒತ್ತಡವಾದ ಕಂಪ್ರೆಷನ್ ಕಡೆಗೆ ಹೋಗಬೇಕು.

ನಮ್ಮ ಭಾಗದಲ್ಲಿ ಇನ್ನೆರಡು ಕಾರಣಗಳನ್ನು ಮರೆಯಬಾರದು. ಸಂಡೂರು, ತೋರಣಗಲ್ಲು ಸುತ್ತ ಓಡಾಡುವ ಕಾರುಗಳ ಏರ್ ಫಿಲ್ಟರ್ ಅದಿರಿನ ಕೆಂಪು ಧೂಳಿನಿಂದ ಕಂಪನಿ ಹೇಳಿದ ಅವಧಿಗಿಂತ ಮೊದಲೇ ಕಟ್ಟಿಕೊಳ್ಳಬಹುದು. ಗಂಗಾವತಿ, ಸಿಂಧನೂರಿನಂಥ ಭತ್ತದ ಸೀಮೆಯಲ್ಲಿ ಇಲಿ ಕಡಿದ ವೈರು ಒಮ್ಮೆ ತಾಗಿ, ಒಮ್ಮೆ ಬಿಟ್ಟು, ಎಲ್ಲರನ್ನೂ ಸತಾಯಿಸುತ್ತದೆ. ಬ್ಯಾಟರಿಯ ಅರ್ಥ್ ವೈರಿನ ತುದಿಗಳನ್ನೂ ಬಿಚ್ಚಿ ನೋಡಿಸಿ.

ಪ್ರತಿ ಸಲವೂ ದೂರು ನಿಮ್ಮ ಮಾತಿನಲ್ಲೇ, “ಹಿಂದಿನ ದೋಷವೇ ಮರುಕಳಿಸಿದೆ” ಎಂಬ ಸಾಲಿನೊಂದಿಗೆ, ಗ್ಯಾರೇಜು ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ದಾಖಲಾಗಲಿ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಲಿಖಿತ ನೋಟಿಸಿಗೂ ಗ್ಯಾರೇಜು ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಇಲ್ಲವೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಗ್ಯಾರೇಜು ಬೇರೆ ಊರಿನದಾದರೂ, ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರಿನೊಂದಿಗೆ ಜಾಬ್ ಕಾರ್ಡು, ಬಿಲ್ಲು, ಕೋಡಿನ ಫೋಟೊಗಳಲ್ಲದೆ, ಆ ಗ್ಯಾರೇಜಿಗೆ ಸಂಬಂಧವಿಲ್ಲದ ಇನ್ನೊಬ್ಬ ಮೆಕ್ಯಾನಿಕ್ ಪರೀಕ್ಷಿಸಿ ಸಹಿ ಹಾಕಿದ ವರದಿಯನ್ನೂ ಲಗತ್ತಿಸಿ.