ಇ. ಕೋಲೈ ಹಿಡಿತವನ್ನು ಯೀಸ್ಟ್‌ನಲ್ಲಿ ತೋರಿಸಿದ್ದು

ಬದಿಯಡ್ಕ ಕಡೆ ಒಂದು ಸಣ್ಣ ಲ್ಯಾಬ್ ನೋಡಿಕೊಳ್ಳುತ್ತೇನೆ. ಬೇಸಿಗೆ ಬಂತೆಂದರೆ ಯೂರಿನ್ ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ, ಜಾಸ್ತಿ. ಉರಿಮೂತ್ರ ಶುರುವಾದರೆ ನಮ್ಮವರು ಮೊದಲು ಬೊಂಡ ಕುಡಿದು ನೋಡುತ್ತಾರೆ, ಕಡಿಮೆಯಾಗದಿದ್ದರೆ ಡಾಕ್ಟರ ಚೀಟಿ ಹಿಡಿದು ಇಲ್ಲಿಗೆ ಬರುತ್ತಾರೆ. ಪ್ಲೇಟಿನಲ್ಲಿ ಬೆಳೆಯುವುದು ಹೆಚ್ಚಾಗಿ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ.

ತರಬೇತಿಗೆ ಬಂದ ಹುಡುಗಿ ಒಮ್ಮೆ ಕೇಳಿದಳು: "ಅಕ್ಕಾ, ಇ. ಕೋಲೈ ಎಲ್ಲರ ಕರುಳಿನಲ್ಲೂ ಇದೆಯಲ್ವಾ? ಮೂತ್ರಕೋಶಕ್ಕೆ ಹೋದರೂ ಮೂತ್ರದ ಜೊತೆ ತೊಳೆದು ಹೋಗಬೇಕಲ್ಲ?"

ಒಳ್ಳೆಯ ಪ್ರಶ್ನೆ. ತೊಳೆದು ಹೋಗದ ಹಾಗೆ ಅದು ಹಿಡಿದುಕೊಳ್ಳುತ್ತದೆ. ಒಳ್ಳೆಮೆಣಸಿನ ಬಳ್ಳಿ ಗಂಟುಗಂಟಿಗೂ ಬೇರು ಬಿಟ್ಟು ಅಡಿಕೆ ಮರಕ್ಕೆ ಅಂಟುತ್ತದಲ್ಲ, ಹಾಗೆ. ಈ ಬೇರಿನ ಕೆಲಸ ಮಾಡುವುದು ಅದರ ಮೈಮೇಲಿನ ಎಳೆಗಳು. ಪಿಲೈ ಅಂತಲೂ ಫಿಂಬ್ರಿಯೆ ಅಂತಲೂ ಕರೆಯುತ್ತಾರೆ. ದಪ್ಪ ಸುಮಾರು 7 ನ್ಯಾನೋಮೀಟರ್. ನಮ್ಮ ಮೈಕ್ರೋಸ್ಕೋಪಿಗೆ 200ಕ್ಕಿಂತ ಚಿಕ್ಕದು ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಎಳೆಯನ್ನು ತೋರಿಸುವುದು ಆಗದ ಮಾತು. ಅದರ ಹಿಡಿತವನ್ನು ತೋರಿಸಬಹುದು. ಅದಕ್ಕೆ ಬೇಕಾದ್ದು ಬೇಕರಿಯವರು ಬಳಸುವ ಯೀಸ್ಟ್.

ಎಳೆಯ ತುದಿಯಲ್ಲಿ ಫಿಮ್‌ಎಚ್ ಅನ್ನುವ ಪ್ರೋಟೀನ್ ಇದೆ. ಅದು ಹುಡುಕುವುದು ಮ್ಯಾನೋಸ್ ಅನ್ನುವ ಸಕ್ಕರೆಯನ್ನು. ಮೂತ್ರಕೋಶದ ಒಳಪದರದ ಮೇಲೆ ಈ ಸಕ್ಕರೆ ಇದೆ, ಯೀಸ್ಟ್‌ನ ಗೋಡೆಯಲ್ಲೂ ಧಾರಾಳವಾಗಿದೆ. ಮೂತ್ರ ಹರಿದು ಎಳೆದರೆ ಹಿಡಿತ ಸಡಿಲವಾಗುವ ಬದಲು ಇನ್ನೂ ಬಿಗಿಯಾಗುತ್ತದೆ. ನನಗೆ ಎಲ್ಲಕ್ಕಿಂತ ಆಶ್ಚರ್ಯ ಇದೇ.

ಪ್ಲೇಟಿನಿಂದ ನೇರ ತೆಗೆದ ಕಾಲೊನಿ (ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕೆ) ಈ ಪರೀಕ್ಷೆಗೆ ಅಷ್ಟು ಒಳ್ಳೆಯದಲ್ಲ. ಬ್ಯಾಕ್ಟೀರಿಯಾ ಈ ಎಳೆಗಳನ್ನು ಒಮ್ಮೆ ಬೆಳೆಸುತ್ತದೆ, ಒಮ್ಮೆ ಬಿಡುತ್ತದೆ. ಪ್ಲೇಟಿನಲ್ಲಿರುವ ಅಗಾರ್ ಅನ್ನುವ ಗಟ್ಟಿ ಆಹಾರದ ಮೇಲೆ ಬೆಳೆದಾಗ ಬಿಡುವುದೇ ಹೆಚ್ಚು. ಅದಕ್ಕೆ ಬ್ರಾತ್ ಅನ್ನುವ ದ್ರವ ಆಹಾರಕ್ಕೆ ಹಾಕಿ, ಅಲುಗಾಡಿಸದೆ 37 ಡಿಗ್ರಿಯಲ್ಲಿ 48 ಗಂಟೆ ಇಟ್ಟೆ. ಟ್ಯೂಬಿನ ಮೇಲ್ಭಾಗದಲ್ಲಿ ತೆಳ್ಳನೆಯ ಪೊರೆ ಕಟ್ಟಿತ್ತು. ಎಳೆ ಇರುವ ಕೋಶಗಳು ಒಂದಕ್ಕೊಂದು ಅಂಟಿ ಗಾಳಿಯ ಹತ್ತಿರ ಸೇರುವುದು ಹೀಗೆ. ಪೊರೆ ಕಂಡರೆ ಅರ್ಧ ಕೆಲಸ ಆದ ಹಾಗೆ.

ಸ್ಲೈಡಿನ ಮೇಲೆ ಸಲೈನಿನಲ್ಲಿ ಕಲಸಿದ ಯೀಸ್ಟ್ ಒಂದು ಹನಿ, ಪಕ್ಕದಲ್ಲಿ ಬ್ರಾತ್ ಒಂದು ಹನಿ. ಎರಡನ್ನೂ ಸೇರಿಸಿ ಸ್ಲೈಡನ್ನು ಮೆಲ್ಲಗೆ ಆಚೆ ಈಚೆ ಓಲಾಡಿಸಿದೆ. ಹಾಲಿನಂತೆ ಇದ್ದದ್ದು ನೋಡುನೋಡುತ್ತಿದ್ದಂತೆ ಚೂರುಚೂರಾಗಿ ಒಡೆಯಿತು. ಬಿಳಿ ಗಂಟುಗಳು, ನಡುವೆ ತಿಳಿನೀರು. ಇನ್ನೊಂದು ಸ್ಲೈಡಿನಲ್ಲಿ ಮೊದಲೇ ಮ್ಯಾನೋಸ್ ಬೆರೆಸಿದ್ದೆ. ಅಲ್ಲಿ ಎಷ್ಟು ಓಲಾಡಿಸಿದರೂ ಗಂಟಾಗಲಿಲ್ಲ. ಹಿಡಿಯುವ ತುದಿಗಳೆಲ್ಲ ಆಗಲೇ ಸಕ್ಕರೆಯಿಂದ ತುಂಬಿಹೋಗಿದ್ದವು. ಮೂರನೆಯದರಲ್ಲಿ ಮ್ಯಾನೋಸ್ ಬದಲು ಗ್ಲೂಕೋಸ್. ಅಲ್ಲಿ ಮತ್ತೆ ಗಂಟು. ಈ ಮೂರನೆಯ ಸ್ಲೈಡ್ ಬಿಡಬಾರದು. ಅದಿಲ್ಲದಿದ್ದರೆ ಯಾವ ಸಕ್ಕರೆ ಹಾಕಿದರೂ ತಡೆಯುತ್ತದೆ ಅಂತ ಅನ್ನಿಸಿಬಿಡುತ್ತದೆ. ಕೆಲಸ ಮುಗಿದ ಮೇಲೆ ಬ್ಯಾಕ್ಟೀರಿಯಾ ಸಾಯಲಿ ಅಂತ ಸ್ಲೈಡುಗಳು ಹೈಪೋಕ್ಲೋರೈಟ್‌ಗೆ, ಟ್ಯೂಬ್ ಆಟೋಕ್ಲೇವ್‌ಗೆ.

"ಹಾಗಾದರೆ ಮ್ಯಾನೋಸ್ ಪುಡಿ ಕುಡಿದರೆ ಸಾಕಲ್ವಾ?" ಅಂದಳು. ಪುಡಿ ಮಾರಾಟಕ್ಕೂ ಇದೆ. ಪದೇ ಪದೇ ಸೋಂಕು ಬರುವ ಸುಮಾರು 600 ಮಹಿಳೆಯರ ಮೇಲೆ ಬ್ರಿಟನ್ನಿನಲ್ಲಿ ಪರೀಕ್ಷೆ ಮಾಡಿದರು. ದಿನಕ್ಕೆ 2 ಗ್ರಾಂ, 6 ತಿಂಗಳು. 2024ರಲ್ಲಿ ಫಲಿತಾಂಶ ಬಂತು: ಸುಮ್ನೆ ಬೇರೆ ಸಕ್ಕರೆ ಕುಡಿದವರಿಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸ್ಲೈಡಿನಲ್ಲಿ ಆದದ್ದು ಹೊಟ್ಟೆಯೊಳಗೆ ಹೋಗಿ ಹಾಗೇ ಆಗಬೇಕೆಂದಿಲ್ಲ. ಮೇಲಾಗಿ, ಕಿಡ್ನಿಗೆ ಹತ್ತುವ ಇ. ಕೋಲೈ ತಳಿಗಳಲ್ಲಿ ಪಿ ಫಿಂಬ್ರಿಯೆ ಅನ್ನುವ ಬೇರೆ ಎಳೆ ಇರುವುದುಂಟು. ಅದು ಹಿಡಿಯುವುದು ಜೋಡಿ ಗ್ಯಾಲಕ್ಟೋಸನ್ನು. ಮ್ಯಾನೋಸ್ ಅದಕ್ಕೆ ಅಡ್ಡಿಯೇ ಅಲ್ಲ.

ಕ್ಯಾತಿಟರ್ (ಮೂತ್ರ ಹೋಗಲು ಇಡುವ ಟ್ಯೂಬ್) ಹಾಕಿದವರ ಸ್ಯಾಂಪಲ್‌ನಲ್ಲಿ ಪ್ರೋಟಿಯಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಸಿಕ್ಕಿದರೆ ಕತೆ ಬೇರೆ. ಅದಕ್ಕೆ ಹಿಡಿಯುವ ಎಳೆಯ ಜೊತೆಗೆ ಈಜಲು ಬಳಸುವ ಬಾಲಗಳು, ಅಂದರೆ ಫ್ಲಜೆಲ್ಲಾ, ವಿಪರೀತ. ಬ್ಲಡ್ ಅಗಾರ್‌ನಲ್ಲಿ ಒಂದು ಚುಕ್ಕೆ ಇಟ್ಟರೆ ಬೆಳಗ್ಗೆ ಇಡೀ ಪ್ಲೇಟ್ ತುಂಬ ಅಲೆ ಅಲೆಯಾಗಿ ಹರಡಿರುತ್ತದೆ. ಮುಚ್ಚಳ ತೆಗೆಯುವ ಮೊದಲೇ ವಾಸನೆಯಿಂದ ಗೊತ್ತಾಗುತ್ತದೆ. ಕ್ಯಾತಿಟರಿನ ಮೈಮೇಲೆ ಸಾಗುವುದೂ ಹೀಗೆಯೇ. ಯೂರಿಯಾ ಒಡೆದು ಅಮೋನಿಯಾ ಮಾಡುವುದರಿಂದ ಕಲ್ಲು ಕಟ್ಟಿ ಟ್ಯೂಬ್ ಮುಚ್ಚಿಹೋಗುವುದೂ ಇದೆ. ಇಂಥ ಸ್ಯಾಂಪಲ್‌ಗಳಿಗೆ ನಾನು ಸಿ.ಎಲ್.ಇ.ಡಿ. ಅಗಾರ್ ಬಳಸುತ್ತೇನೆ. ಅದರಲ್ಲಿ ಉಪ್ಪಿನಂಶ ಕಡಿಮೆ, ಪ್ರೋಟಿಯಸ್ ಹರಡುವುದಿಲ್ಲ, ಬೇರೆ ಕಾಲೊನಿಗಳೂ ಕಾಣುತ್ತವೆ.

ರಿಪೋರ್ಟಿನಲ್ಲಿ ಪಿಲೈ ವಿಷಯ ಬರೆಯುವುದಿಲ್ಲ, ಚಿಕಿತ್ಸೆಗೆ ಅದು ಬೇಡ. ಆದರೆ ಬಾಟಲಿ ಕೊಡುವಾಗ ಪ್ರತಿಯೊಬ್ಬರಿಗೂ ಹೇಳುತ್ತೇನೆ: ಮೊದಲು ಬರುವ ಮೂತ್ರ ಬಿಡಿ, ನಡುವಿನದನ್ನು ಹಿಡಿಯಿರಿ. ಹೊರಗಿನ ಚರ್ಮದ ಬ್ಯಾಕ್ಟೀರಿಯಾ ಮೊದಲ ಹರಿವಿನಲ್ಲೇ ಬಹುಮಟ್ಟಿಗೆ ಹೋಗುತ್ತದೆ. ಬಾಟಲಿ ಎರಡು ಗಂಟೆಯೊಳಗೆ ನನ್ನ ಕೈಗೆ ಬರಬೇಕು. ಬಸ್ಸು ತಪ್ಪಿದರೆ ಫ್ರಿಜ್ಜಿನಲ್ಲಿಡಿ.